ದುರ್ಗಮವಲ್ಲದ ದುರ್ಗ

ಹಾರಬಲ್ಲವರ ದಾರಿಗೆ ಅಡ್ಡಲಾಗಿ ಕೋಟೆ ಕಟ್ಟುವುದಕ್ಕೆ ವಿಶೇಷ ದರ್ಜೆಯ ದಡ್ಡತನ ಬೇಕು. ದೇವರು ನನಗೆ ಅದನ್ನು ಧಾರಾಳವಾಗಿಯೇ ಕರುಣಿಸಿದ್ದಾನೆ. ಭಾನುವಾರಗಳಂದು ಚಿತ್ರದುರ್ಗದ ನಮ್ಮ ಮನೆಯ ಮೇಜಿನ ಸುತ್ತ ನಾವು ನಾಲ್ವರು ಕಥೆಯಾಟ ಆಡುತ್ತೇವೆ: ನಾನು ಸಾಹಸವೊಂದನ್ನು ಹೆಣೆಯುವುದು, ಉಳಿದ ಮೂವರು ಅದರೊಳಗಿನ ವೀರರಾಗಿ ದಾಳ ಉರುಳಿಸುತ್ತ ಅದನ್ನು ಹಾಳುಗೆಡಹುವುದು. ವರ್ಷಗಟ್ಟಲೆ ಆಡಿ ಆ ವೀರರು ಈಗ ದೇವತೆಗಳಿಗೇ ಉಪದೇಶ ಮಾಡುವ ಎತ್ತರ ಮುಟ್ಟಿದ್ದಾರೆ. ಚಿಕ್ಕಜಾಜೂರಿನ ರೈಲ್ವೆ ನೌಕರ ನಾಗರಾಜನ ಮಾಂತ್ರಿಕ ಹಾರುತ್ತಾನೆ. ಹಿರಿಯೂರಿನ ಶಿಕ್ಷಕಿ ಶಬಾನಾರ ಯೋಗಿನಿ ಸತ್ತವರನ್ನು ಮಾತಾಡಿಸುತ್ತಾಳೆ. ಆದಿವಾಲದಲ್ಲಿ ಕುರಿ ಸಾಕುವ ತಿಪ್ಪೇಶನ ಯೋಧನಿಗೆ ಇರುವುದು ಒಂದು ಕತ್ತಿ.

ದುರ್ಗದವನು ಕಟ್ಟಿದ ದುರ್ಗ ದುರ್ಗಮವಾಗಿರದಿದ್ದರೆ ಊರಿಗೇ ಅವಮಾನವೆಂದು ನಾನು ತಿಂಗಳುಗಟ್ಟಲೆ ಕೂತು ಏಳು ಸುತ್ತಿನ ಕೋಟೆಯೊಂದನ್ನು ರಚಿಸಿದೆ. ನಾಗರಾಜ ಅದರ ಮೇಲೆ ಹಾರಿಹೋದ. ಒಳಗೆ ನಡೆದ ಕೊಲೆಯ ಹಂತಕ ಯಾರೆಂಬ ಮಹಾರಹಸ್ಯವನ್ನು ಶಬಾನಾ ನೇರವಾಗಿ ಹೆಣವನ್ನೇ ಕೇಳಿ ತಿಳಿದರು. ಚಹಾ ಕುದಿಯುವ ಮೊದಲೇ ಸಾಹಸ ಮುಗಿದಿತ್ತು. ತಿಪ್ಪೇಶ ಮಾತ್ರ ಮಂಡಕ್ಕಿಯ ವಿರುದ್ಧ ಘೋರ ಯುದ್ಧ ನಡೆಸಿ ಗೆದ್ದಿದ್ದ.

"ಮುಂದಿನ ವಾರದಿಂದ ನಾನು ಬರಲ್ರಿ ಸಾರ್," ಎಂದ. "ನನ್ನ ಕೆಲ್ಸ ಇಲ್ಲೇನೈತೆ?"

ಅವನನ್ನು ಹೇಗೋ ಒಪ್ಪಿಸಿ ಕರೆಸಿಕೊಂಡು, ಮರುವಾರ ನಾನು ಮಹಾಪ್ರಾಜ್ಞನಂತೆ ಎಲ್ಲರ ಮಂತ್ರಶಕ್ತಿಯನ್ನೂ ನುಂಗುವ ಮಂಜು ಸುರಿಸಿದೆ. ನಾಗರಾಜ ಕೆರಳಿದ: "ಇಷ್ಟು ವರ್ಷ ಆಡಿ ಗಳಿಸಿದ್ದನ್ನ ಒಂದು ಮಂಜು ಹಾಕಿ ಕಸ್ಕಂತೀರಲ್ರಿ! ರೆಕ್ಕೆ ಕತ್ರಿಸೋದೂ ಒಂದು ಕಥೇನಾ?"

ಶಕ್ತರಿಗೆ ಅಡ್ಡಿ ಹೆಚ್ಚಿಸುವುದಲ್ಲ, ಅವರ ಅಗತ್ಯ ಹೆಚ್ಚಿಸಬೇಕು ಎಂಬಷ್ಟು ಬುದ್ಧಿ ನನಗೆ ಬರಲು ಮೂರನೆಯ ಸಾಹಸವೇ ಬೇಕಾಯಿತು. ರಾಕ್ಷಸಸೈನ್ಯ ಒಂದು ಊರಿಗೆ ನುಗ್ಗುತ್ತಿದೆ. ಗುಡ್ಡದ ನೆತ್ತಿಯಲ್ಲಿ ಮಕ್ಕಳು ಸಿಲುಕಿದ್ದಾರೆ. ಊರವರು ಪಾರಾಗಬಹುದಾದ ಸುರಂಗದ ದಾರಿ ಸತ್ತ ರಾಜನೊಬ್ಬನಿಗಷ್ಟೇ ಗೊತ್ತು. ಎಲ್ಲರೂ ಪಾರಾಗುವವರೆಗೆ ಕಂದರದ ಮೇಲಿನ ಹಗ್ಗದ ಸೇತುವೆಯಲ್ಲಿ ಸೈನ್ಯವನ್ನು ಯಾರಾದರೂ ತಡೆದು ನಿಲ್ಲಿಸಬೇಕು. ಎಲ್ಲವೂ ಒಮ್ಮೆಲೇ.

ನಾಗರಾಜ ಗುಡ್ಡಕ್ಕೆ ಹಾರಿದ. ಶಬಾನಾ ರಾಜನನ್ನು ಎಬ್ಬಿಸಿದರು. ತಿಪ್ಪೇಶ ಕುರ್ಚಿ ಬಿಟ್ಟು ಎದ್ದು ನಿಂತೇ ದಾಳ ಉರುಳಿಸತೊಡಗಿದ. ದಾಳ ಕೈಕೊಟ್ಟಿತು, ಯೋಧ ಮೊಣಕಾಲೂರಿದ.

"ತಡಿ, ನಾನು ಬಂದೆ!" ಎಂದ ನಾಗರಾಜ.

"ಮಕ್ಳನ್ನ ಬಿಟ್ಟು ಬರಬ್ಯಾಡ ಲೇ," ಎಂದ ತಿಪ್ಪೇಶ ನನ್ನತ್ತ ತಿರುಗಿದ. "ಸಾರ್, ಸೇತುವೆ ಹಗ್ಗ ಕಡೀತೀನಿ."

"ನೀನೂ ಬೀಳ್ತೀಯಲ್ಲಪ್ಪ."

"ಗೊತ್ರಿ."

ನನ್ನ ಮಹಾಯೋಜನೆಯಲ್ಲಿ ಇಂಥದ್ದಕ್ಕೆ ಜಾಗವೇ ಇರಲಿಲ್ಲ. ಸೇತುವೆ, ಸೈನ್ಯ, ಯೋಧ ಎಲ್ಲವೂ ಕಂದರದ ಪಾಲಾದವು. ಹುಟ್ಟಿಯೇ ಇರದ ಒಬ್ಬನ ಸಾವಿಗೆ ಬುದ್ಧಿ ಬಲಿತ ನಾಲ್ವರು ಗಂಟಲು ಸರಿಮಾಡಿಕೊಳ್ಳುವುದನ್ನು ಅಕ್ಕಪಕ್ಕದವರು ನೋಡಲಿಲ್ಲವೆಂಬುದೊಂದೇ ಸಮಾಧಾನ.

ಆಗ ಶಬಾನಾ, ತಮ್ಮ ಯೋಗಿನಿಯ ಹಕ್ಕು ಚಲಾಯಿಸಿ, ಮೆಲ್ಲಗೆ ಕರೆದರು: "ತಿಪ್ಪೇಶಣ್ಣ, ಕೇಳಿಸ್ತೈತಾ?"

ಅವನು ಕಣ್ಣು ಮುಚ್ಚಿಕೊಂಡೇ ಉತ್ತರಿಸಿದ: "ಕೇಳಿಸ್ತೈತ್ರಿ ಮೇಡಂ. ಎಲ್ರೂ ಪಾರಾದ್ರಾ?"