ಕೂಸಿನ ಗಲ್ಲದ ಖಾರ

ದೆವ್ವ, ಗಾಳಿ ಅಂತ ಯಾರಾದರೂ ಮಾತು ಶುರು ಮಾಡಿದರೆ ಎದ್ದು ಹೋಗುವವಳು ನಾನು. ಈಗಲೂ ಅಂಥದ್ದನ್ನು ನಂಬುತ್ತೇನೆಂದು ನಿಮ್ಮ ಮುಂದೆ ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ ದೇವರಗುಡ್ಡದಲ್ಲಿ ನಡೆದದ್ದಕ್ಕೆ ಬೇರೆ ಕಾರಣ ಹುಡುಕಹೊರಟರೆ, ತಪ್ಪು ನನ್ನ ತಲೆಯ ಮೇಲೆಯೇ ಬಂದು ಕೂರುತ್ತದೆ. ನನ್ನ ಪೇಚು ಅದು.

ಅದೊಂದು ಶನಿವಾರ ಹಾವೇರಿಯಿಂದ ಬ್ಯಾಡಗಿಗೆ, ತಂಗಿ ಶೋಭಾಳ ಮನೆಗೆ ಹೋಗಿದ್ದೆ. ಎರಡು ಸಲ ಬಸಿರು ನಿಲ್ಲದೆ ಹೋದ ಮೇಲೆ ಅವಳಿಗೊಂದು ಹೆಣ್ಣುಕೂಸು ಹುಟ್ಟಿತ್ತು. ಇನ್ನೂ ಕೂರಲು ಬಾರದ ಎಳೆಗೂಸು. ಶೋಭಾ ಅದನ್ನು ಯಾರ ಕೈಗೂ ಕೊಡುತ್ತಿರಲಿಲ್ಲ, ನನ್ನೊಬ್ಬಳನ್ನು ಬಿಟ್ಟು. ನನಗೆ ಮಕ್ಕಳಿಲ್ಲ. ಆ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಕೂತರೆ ಬೇರೇನೂ ಬೇಡ ಅನಿಸುತ್ತಿತ್ತು.

ಶೋಭಾಳ ಅತ್ತೆ ಗಿರಿಜವ್ವ ಕೂಸು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. ಅಲ್ಲಿಯ ಎಷ್ಟೋ ಹೆಂಗಸರ ಹಾಗೆ ಆಕೆಯದೂ ಒಣಮೆಣಸಿನಕಾಯಿಯ ತೊಟ್ಟು ಬಿಡಿಸುವ ಕೆಲಸ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತು ದಿನವಿಡೀ ಬಿಡಿಸುವಳು. ಆ ಕೈಯ ಖಾರ ಸಾಬೂನಿಗೆ ಹೋಗುವಂಥದ್ದಲ್ಲ. ಕೊಬ್ಬರಿ ಎಣ್ಣೆ ತಿಕ್ಕಿಕೊಂಡೇ ಮಕ್ಕಳನ್ನು ಮುಟ್ಟಬೇಕು. ಗಿರಿಜವ್ವನಿಗೆ ಮಾತ್ರ ಅದು ನೆನಪೇ ಇರುತ್ತಿರಲಿಲ್ಲ. ಓಣಿಯ ಮಕ್ಕಳ ಗಲ್ಲ ಹಿಂಡಿ, ಅವು ಉರಿಯಿಂದ ಅತ್ತಾಗ ಅವರ ತಾಯಂದಿರ ಕೈಲಿ ಬೈಸಿಕೊಳ್ಳುವಳು. ಮೊಮ್ಮಗು ಹುಟ್ಟಿದರೆ ದೇವರಗುಡ್ಡಕ್ಕೆ ಕರೆದುಕೊಂಡು ಬರುತ್ತೇನೆಂದು ಹರಕೆ ಹೊತ್ತಿದ್ದಳು. ಅದನ್ನು ತೀರಿಸಲೆಂದೇ ಭಾನುವಾರ ನಾವು ಹೊರಟದ್ದು.

ದೇವರಗುಡ್ಡ ನೋಡಲು ಚೆಂದದ ಊರು. ಮನೆಗಳು ಗುಡ್ಡದ ಮೈ ಹಿಡಿದು ಒಂದರ ಮೇಲೊಂದು ಹತ್ತಿಕೊಂಡಿವೆ. ಮೇಲಿಂದ ರಾಣೇಬೆನ್ನೂರಿನ ಕಡೆಯ ಹೊಲಗಳೆಲ್ಲ ಕಾಣುತ್ತವೆ. ಮೆಟ್ಟಿಲು ಮೆಟ್ಟಿಲಾದ ಓಣಿಗಳನ್ನು ಸುತ್ತಿದೆವು. ಆದರೆ ಅಂದು ಮೋಡ ಕವಿದಿತ್ತು, ತಣ್ಣನೆಯ ಗಾಳಿ. ನನಗಂತೂ ಊರೆಲ್ಲ ಮಂಕಾಗಿ ಕಂಡಿತು. ದರ್ಶನ ಮುಗಿಯುವಷ್ಟರಲ್ಲಿ ಕೂಸು ನಿದ್ದೆ ಹೋಯಿತು. ಪ್ರಸಾದ ತರುತ್ತೇವೆಂದು ಶೋಭಾ ಮತ್ತು ಅವಳ ಗಂಡ ಮಂಜಪ್ಪ ಮತ್ತೆ ಒಳಗೆ ಹೋದರು.

ನಾನು ಗುಡಿಯ ಹಿಂದಿನ ಬಂಡೆಯ ಮೇಲೆ ಚಾದರ ಹಾಸಿ ಕೂಸನ್ನು ಮಲಗಿಸಿ ಪಕ್ಕಕ್ಕೆ ಕೂತೆ. ಸುತ್ತ ಯಾರೂ ಇರಲಿಲ್ಲ. ನಾನು ತೂಕಡಿಸಲಿಲ್ಲ, ಮೊಬೈಲನ್ನೂ ತೆಗೆದಿರಲಿಲ್ಲ. ಕೂಸಿಗೆ ಎಚ್ಚರವಾಯಿತು. ನನ್ನ ಕಡೆ ನೋಡಲಿಲ್ಲ. ಆಚೆ ಬದಿಗೆ ಹೊರಳಿ, ಅಲ್ಲಿ ಯಾರೋ ಎತ್ತಿಕೊಳ್ಳಲು ಬಂದಂತೆ ನಕ್ಕು ಎರಡೂ ಕೈ ಚಾಚಿತು. ಅದೇ ಹೊತ್ತಿಗೆ ಮೆಣಸಿನಕಾಯಿಯ ಘಾಟು ಮೂಗಿಗೆ ಬಡಿದು ನನಗೆ ಸೀನು ಬಂತು. ಸೀನಿ ನೋಡುವುದರೊಳಗೆ ಕೂಸು ಚೀರಿ ಅಳುತ್ತಿತ್ತು. ಎರಡೂ ಗಲ್ಲ ಕೆಂಪಾಗಿದ್ದವು.

ಶೋಭಾ ಓಡಿ ಬಂದಳು. ಮಂಜಪ್ಪ ಕೂಸಿನ ಗಲ್ಲ ಸವರಿ ಬೆರಳನ್ನು ನಾಲಿಗೆಗೆ ಹಚ್ಚಿಕೊಂಡ.

"ಖಾರ ಐತಿ," ಅಂದ.

"ಮುಂಜಾನೆ ರೊಟ್ಟಿ ಜೋಡಿ ಕೆಂಪ ಚಟ್ನಿ ತಿಂದಿದ್ದಿಯಲ್ಲಾ ಅಕ್ಕಾ. ಕೈ ನೆಟ್ಟಗ ತೊಳಕೊಳ್ಳಿಲ್ಲೇನ?" ಅಂದಳು ಶೋಭಾ.

"ತೊಳಕೊಂಡೇನಿ ಶೋಭಾ. ಆಮ್ಯಾಲೆ ಎಷ್ಟ ಸಲ ಎತ್ತಿಕೊಂಡೇನಿ, ಆಗ ಅತ್ತಿತ್ತೇನ?"

ಅವಳ ಎದುರಿಗೇ ಬೆರಳಿನಿಂದ ನನ್ನ ಕಣ್ಣು ಉಜ್ಜಿಕೊಂಡೆ. ಉರಿಯಲಿಲ್ಲ. ಅವಳು ಅದನ್ನು ನೋಡಲೇ ಇಲ್ಲ, ಕೂಸನ್ನು ಅವಚಿಕೊಂಡು ಅತ್ತ ತಿರುಗಿದ್ದಳು. ನನಗೆ ಗುಡಿಯಲ್ಲಿ ಹಚ್ಚುವ ಭಂಡಾರದ ನೆನಪಾಯಿತು. ಆದರೆ ಅದು ಅರಿಶಿನ, ತಗುಲಿದ್ದರೆ ಗಲ್ಲ ಹಳದಿ ಇರಬೇಕಿತ್ತು, ಉರಿಯುವುದೂ ಇಲ್ಲ.

ಮನೆಗೆ ಬಂದದ್ದೇ ಮಂಜಪ್ಪ ಒಂದು ಬಟ್ಟಲಿಗೆ ಕೊಬ್ಬರಿ ಎಣ್ಣೆ ಸುರಿದು, ಅವನವ್ವ ಕೂರುತ್ತಿದ್ದ ಕಟ್ಟೆಯ ಮೇಲೆ ಇಟ್ಟ. ಯಾಕೆಂದು ಕೇಳಿದೆ.

"ಅವ್ವಗ ಇದೊಂದ ನೆನಪ ಇರ್ತಿದ್ದಿಲ್ಲ, ಅಕ್ಕಾರ," ಅಂದ, ತಲೆ ಎತ್ತದೆ.

ಒಳಗಿನಿಂದ ಶೋಭಾಳ ದನಿ ಬಂತು. "ಸತ್ತವರ ಮ್ಯಾಲ ಯಾಕ ಹಾಕ್ತೀರಿ? ಇದ್ದವರ ತಪ್ಪ ಅದು."

ಅಂದಿನಷ್ಟು ನನಗೆ ಎಂದೂ ಸಂಕಟವಾಗಿಲ್ಲ. ದೆವ್ವದ ಮಾತು ಬೇಡ ಅಂತ ಅವಳಿಗೆ ಚಿಕ್ಕಂದಿನಿಂದ ಹೇಳಿಕೊಟ್ಟವಳೂ ನಾನೇ. ಅವಳು ಒಮ್ಮೆಯಾದರೂ ನಂಬಲಿ ಅಂತ ಆ ದಿನ ಮನಸ್ಸಿನಲ್ಲೇ ಬೇಡಿಕೊಂಡೆ. ನಾನು ಮಾತ್ರ ನಂಬಲಾರದೆ ಕೂತಿದ್ದೆ.

ಹುಡುಗಿ ಈಗ ಶಾಲೆಗೆ ಹೋಗುತ್ತಾಳೆ. ನಾನು ಹೋದರೆ ಶೋಭಾ ನಗುನಗುತ್ತಲೇ ಚಹಾ ಕೊಡುತ್ತಾಳೆ. ಆದರೆ ಮಗಳು ನನ್ನ ಹತ್ತಿರ ಬಂದಾಗ ಅವಳ ಕಣ್ಣು ನನ್ನ ಕೈಯ ಮೇಲೆ ಇರುತ್ತದೆ. ಮಂಜಪ್ಪ ಇನ್ನೂ ಕಟ್ಟೆಯ ಮೇಲೆ ಎಣ್ಣೆ ಇಡುವುದನ್ನು ಬಿಟ್ಟಿಲ್ಲ. ಅದಕ್ಕೆ ಯಾರಾದರೂ ಬರುತ್ತಾರೋ, ಇಲ್ಲವೋ ನನಗೆ ಗೊತ್ತಿಲ್ಲ. ಒಳಗೆ ಕಾಲಿಡುವ ಮೊದಲು ಆ ಬಟ್ಟಲಿಗೆ ಕೈ ಅದ್ದಿ ತಿಕ್ಕಿಕೊಳ್ಳುವವಳು ಮಾತ್ರ ನಾನೇ.