ಇಂಗ್ಲಿಷಿನಲ್ಲಿ ಸೊನ್ನೆ ತೆಗೆದ ಶಾಂತಾ

ತೊಂಬತ್ತರ ದಶಕದ ಮಾತು. ಗಡಿಭಾಗದ ಮಕ್ಕಳಿಗೆ ಇಂಗ್ಲಿಷ್ ಯಾಕೆ ತಲೆಗೆ ಹತ್ತುವುದಿಲ್ಲ ಎಂಬ ಸಂಶೋಧನೆಗೆ ಫಾರ್ಮು ತುಂಬಿಸಲು ನಿಪ್ಪಾಣಿಗೆ ಹೋಗಿದ್ದೆ. ಮೈಸೂರು ಕಡೆಯವನಾದ ನನಗೆ ಬರುತ್ತಿದ್ದದ್ದು ಕನ್ನಡ, ಮತ್ತೆ ಸಂಬಳ ತರುವಷ್ಟು ಇಂಗ್ಲಿಷ್.

ಅಲ್ಲಿನ ಕನ್ನಡ ಶಾಲೆಯ ಏಳನೆಯ ತರಗತಿಯ ಶಾಂತಾ ನನ್ನ ಇಂಗ್ಲಿಷ್ ಪರೀಕ್ಷೆಯಲ್ಲಿ ಸೊನ್ನೆ ತೆಗೆದಳು. ಅಂಥವರ ಮನೆಗೂ ಹೋಗಿ ವಿಚಾರಿಸಬೇಕೆಂಬುದು ನಿಯಮ. ಅವಳೇ ಕರೆದುಕೊಂಡು ಹೋದಳು. ಅಂಗಳದಲ್ಲಿ ಬೀಡಿ ಕಟ್ಟುತ್ತಿದ್ದ ಅವಳ ಅವ್ವನದು ಪೂರ್ತಿ ಮರಾಠಿ. ಜೊತೆಗೆ ಕೂತಿದ್ದ ನೆರೆಮನೆಯ ಫಾತಿಮಾಬಿ ಉರ್ದುವಿನಲ್ಲಿ ನಡುನಡುವೆ ಬಾಯಿ ಹಾಕುತ್ತಿದ್ದಳು. ನನಗೆ ಎರಡೂ ತಿಳಿಯದು. ಶಾಂತಾ ನನ್ನ ಪ್ರಶ್ನೆಯನ್ನು ಅವ್ವನಿಗೆ ಮರಾಠಿಯಲ್ಲಿ ಕೇಳಿ, ಫಾತಿಮಾಬಿಯನ್ನು ಉರ್ದುವಿನಲ್ಲಿ ಸುಮ್ಮನಿರಿಸಿ, ಉತ್ತರವನ್ನು ನನಗೆ ಕನ್ನಡದಲ್ಲಿ ಕೊಟ್ಟಳು. ಎಲ್ಲಿಯೂ ತಡವರಿಸಲಿಲ್ಲ.

"ನಿಂಗೆ ಎಷ್ಟು ಭಾಷೆ ಬರುತ್ತಮ್ಮಾ?" ಎಂದೆ.

"ಕನ್ನಡ ಒಂದ ರೀ ಸರ. ಸಾಲ್ಯಾಗ ಕಲಿಸ್ತಾರಲ್ರಿ."

"ಮರಾಠಿ, ಉರ್ದು?"

"ಅವು ಭಾಷಾ ಅಲ್ರಿ, ಬರೇ ಮಾತಾಡೂದು. ಅವಕ್ಕ ಪರೀಕ್ಷಾ ಎಲ್ಲಿ ಐತ್ರಿ?"

ನನ್ನ ಫಾರ್ಮಿನಲ್ಲಿ ಭಾಷೆಗೆ ಎರಡೇ ಖಾನೆ. ಮಾತೃಭಾಷೆ ಮರಾಠಿ ಎಂದು ಬರೆದೆ. ಎರಡನೆಯ ಭಾಷೆ ಇಂಗ್ಲಿಷ್ ಎಂದು ಮೊದಲೇ ಅಚ್ಚಾಗಿತ್ತು. ಅದರ ಮುಂದೆ ಸೊನ್ನೆ ಹಾಕಿದೆ. ನಾವಿಬ್ಬರೂ ಮಾತಾಡುತ್ತಿದ್ದ ಕನ್ನಡಕ್ಕೆ ಜಾಗವೇ ಇರಲಿಲ್ಲ. ಕೆಳಗೆ ಷರಾ ಬರೆದೆ: ಭಾಷೆ ಕಲಿಯುವ ಸಾಮರ್ಥ್ಯ ಕಡಿಮೆ.

ಸಹಿ ಹಾಕಿ ಎದ್ದವನು, ದಾರಿಯಲ್ಲಿ ಯಾರಾದರೂ ಮಾತಾಡಿಸಿದರೆ ಗತಿಯೇನು ಎಂದು ಬಸ್ ಸ್ಟ್ಯಾಂಡಿನವರೆಗೆ ಶಾಂತಾಳನ್ನೇ ಜೊತೆಗೆ ಕರೆದುಕೊಂಡು ಹೊರಟೆ.