ಕಾಶಿಗೆ ಹೊರಟ ಮಧುಕರರಾಯರು

ಮಗರಪಟ್ಟಾದ ನಮ್ಮ ಬಿಲ್ಡಿಂಗಿನಲ್ಲಿ ಊರಿಗೆ ಹೊರಡುವುದನ್ನೇ ಒಂದು ಪ್ರವಾಸ ಮಾಡುವವರೆಂದರೆ ಮಧುಕರರಾಯರು. ಇವತ್ತು ಗಂಡ ಹೆಂಡತಿ ಕಾರಿನಲ್ಲಿ ಕಾಶಿಗೆ ಹೊರಟಿದ್ದರು. ಡಿಕ್ಕಿ ತುಂಬಿದ ಮೇಲೆ ಸ್ಟೆಪ್ನಿಗೆ ಗಾಳಿ ಹಾಕಿಸಿಲ್ಲವೆಂದು ನೆನಪಾಗಿ, ರಾಯರು ಬ್ಯಾಗುಗಳನ್ನೆಲ್ಲ ಇಳಿಸಿದರು. ಗಾಳಿ ಹಾಕಿಸಿ ತಂದರೆ ಅವೇ ಬ್ಯಾಗುಗಳು ಡಿಕ್ಕಿಯಲ್ಲಿ ಹಿಡಿಸಲಿಲ್ಲ. "ನಾಗಪುರದ ಮ್ಯಾಲೆ ಹೋಗೋದೋ, ಇಂದೂರಿನ ಮ್ಯಾಲೋ?" ಎಂದು ನನ್ನನ್ನು ಕೇಳಿದರು. ನಾಗಪುರ ಎಂದೆ. "ಖರೆ ಅದರಿ," ಎಂದರು. ವಾಚ್‌ಮನ್‌ನನ್ನು ಮರಾಠಿಯಲ್ಲಿ ಕೇಳಿದರೆ ಅವನು ಇಂದೂರ್ ಎಂದ. "ಅದೂ ಖರೆ ಅದ ಬಿಡ್ರಿ!" ಮರೆತ ಚಪಾತಿ ಡಬ್ಬಿ ತರಲು ಮೇಲೆ ಹೋದವರು ಛತ್ರಿ ಹಿಡಿದು ಇಳಿದು ಬಂದರು. ಹೆಂಡತಿ ಭಾಮಾಬಾಯಿ ತಾವೇ ಹೋಗಿ ಡಬ್ಬಿ ತಂದರು. ಕಡೆಗೂ ಡಿಕ್ಕಿ ಮುಚ್ಚಿತು. ರಾಯರು ಬಲಗಡೆಯ ಬಾಗಿಲು ತೆಗೆದು ಹಾಗೇ ನಿಂತುಬಿಟ್ಟರು. ಇಷ್ಟು ವರ್ಷ ಸ್ಟೇರಿಂಗ್ ಹಿಡಿದವರಿಗೆ ಇನ್ನು ಗಾಡಿ ಓಡಿಸಬಾರದೆಂದು ಕಣ್ಣಿನ ಡಾಕ್ಟರು ಹೇಳಿದ್ದಾರೆ. ಭಾಮಾಬಾಯಿ ಅರವತ್ತರ ಹತ್ತಿರ ಡ್ರೈವಿಂಗ್ ಕಲಿತದ್ದು ಅದಕ್ಕೇ. ರಾಯರು ಹೆಂಡತಿ ಒಳಗೆ ಕೂರುವವರೆಗೆ ಬಾಗಿಲು ಹಿಡಿದು, ಆಮೇಲೆ ಕಾರು ಸುತ್ತಿ ಬಂದು ಎಡಗಡೆ ಕೂತರು. ಕೈ ರೂಢಿಯಂತೆ ಬಲ ಹೆಗಲ ಹಿಂದೆ ತಡಕಾಡಿತು. "ಬೆಲ್ಟೇ ಇಲ್ಲಲ್ಲ, ಭಾಮಾ!" "ಈ ಸೀಟಿಗೆ ಆ ಕಡೆ ಇರ್ತದರಿ," ಎಂದು ಅವರೇ ಬಾಗಿ ಬೆಲ್ಟು ಎಳೆದು ಹಾಕಿದರು. ಕಾರು ಹೊರಟಿತು. ಗೇಟಿನ ಹತ್ತಿರ ಸ್ಕೂಟರೊಂದು ಅಡ್ಡ ಬಂದಾಗ ಕಾರು ಸರಿಯಾಗಿ ನಿಂತಿತು. ತೆರೆದ ಕಿಟಕಿಯಿಂದ ರಾಯರ ದನಿ ಕೇಳಿಸಿತು: "ಬ್ರೇಕ್ ನಾನೂ ಒತ್ತಿದೆ ನೋಡು."